ಕಂಬ, ತೊಲೆ, ಜಂತೆ ಮತ್ತು ಕಂಪ್ಯೂಟರ್: ಮರದ ಕಟ್ಟಡ ಮಾಡೆಲ್ ಮಾಡುವವರು ಪದೇ ಪದೇ ಕೇಳುವ ಪ್ರಶ್ನೆಗಳು

ದಾವಣಗೆರೆಯಲ್ಲಿ ಕೂತು ಕಟ್ಟಡಗಳ ಕಂಪ್ಯೂಟರ್ ಮಾಡೆಲ್ ಮಾಡುವುದು ನನ್ನ ಕೆಲಸ. ಹೆಚ್ಚಿನವು ಕಾಂಕ್ರೀಟು, ಸ್ಟೀಲಿನ ಕಟ್ಟಡಗಳು. ಆದರೆ ಪ್ರಶ್ನೆಗಳು ಬರುವುದು ಮರದ ಬಗ್ಗೆಯೇ ಜಾಸ್ತಿ. ಇಂಜಿನಿಯರಿಂಗ್ ಓದುವ ಹುಡುಗರು ಕೇಳುತ್ತಾರೆ. ಚನ್ನಗಿರಿ, ಹೊಳಲ್ಕೆರೆ ಕಡೆ ಅಡಿಕೆ ತೋಟದಲ್ಲಿ ಹೆಂಚಿನ ಮನೆ ಕಟ್ಟಿಸುವವರು ಕೇಳುತ್ತಾರೆ. ಅಜ್ಜನ ಕಾಲದ ಮಾಳಿಗೆ ಮನೆ (ತೊಲೆಗಳ ಮೇಲೆ ಮಣ್ಣು ಹಾಸಿದ ಚಾವಣಿಯದು) ಉಳಿಸಿಕೊಳ್ಳಬೇಕು ಅನ್ನುವವರು ಉದ್ದುದ್ದ ಪತ್ರ ಬರೆಯುತ್ತಾರೆ. ಮತ್ತೆ ಮತ್ತೆ ಬಂದ ಪ್ರಶ್ನೆಗಳನ್ನು ಅವರ ಮಾತಲ್ಲೇ ಇಲ್ಲಿ ಕೂಡಿಸಿದ್ದೇನೆ. ನಿಮಗೆ ಬೇಕಾದ್ದನ್ನು ಮಾತ್ರ ಓದಿಕೊಂಡರೂ ಸಾಕು.

## ಶುರು ಮಾಡುವವರಿಗೆ

ನಮ್ಮ ಆಚಾರ್ರು ಪೆನ್ಸಿಲ್ ಹಿಡಿದು ಗೋಡೆ ಮೇಲೇ ಗೀಚಿ ಚಾವಣಿ ಏರಿಸಿಬಿಡ್ತಾರೆ. ಇದಕ್ಕೆ ಸಾಫ್ಟ್‌ವೇರ್ ಯಾಕೆ ಬೇಕು?

ಆಚಾರ್ರು ಒಬ್ಬರೇ ಮರ ಆರಿಸಿ, ಕೊಯ್ಸಿ, ಕೂರಿಸುವುದಾದರೆ ಬೇಕಿಲ್ಲ. ಅವರ ತಲೆಯಲ್ಲೇ ಮಾಡೆಲ್ ಇದೆ. ಆದರೆ ಈಗ ಮರ ಕೊಯ್ಯುವುದು ಸಾಮಿಲ್‌ನಲ್ಲಿ, ಭಾರದ ಲೆಕ್ಕ ಹಾಕುವ ಇಂಜಿನಿಯರು ಇನ್ನೆಲ್ಲೋ, ವೈರಿಂಗ್ ಪೈಪು ಹಾಕುವವನು ಬೇರೆ, ದುಡ್ಡು ಕೊಡುವ ಮಾಲೀಕರು ಬೆಂಗಳೂರಲ್ಲಿ. ಇಷ್ಟೂ ಜನ ಒಂದೇ ತೊಲೆಯ ಬಗ್ಗೆ ಮಾತಾಡಬೇಕು ಅಂದರೆ ಆ ತೊಲೆಗೆ ಒಂದು ನಂಬರು, ಒಂದು ಅಳತೆ, ಒಂದು ಜಾಗ ಬೇಕು. ಮಾಡೆಲ್ ಕೊಡುವುದು ಅದನ್ನು. ಇದರ ಜೊತೆಗೆ ಮರದ ಲೆಕ್ಕವೂ ಸಿಗುತ್ತದೆ. ಒಂದು ಘನ ಅಡಿ ತೇಗಕ್ಕೆ ಎಷ್ಟಾಗಿದೆ ಅಂತ ವಿಚಾರಿಸಿ ನೋಡಿ, ಈ ಲೆಕ್ಕ ಎಷ್ಟು ಮುಖ್ಯ ಅಂತ ಗೊತ್ತಾಗುತ್ತದೆ.

ಯಾವ ಸಾಫ್ಟ್‌ವೇರ್ ಕಲೀಲಿ ಅಣ್ಣ? ರೆವಿಟ್ ಬಂದ್ರೆ ಸಾಕಾ?

ಕೆಲಸ ಸಿಗುವುದಕ್ಕೆ ರೆವಿಟ್ ಕಲಿ, ಅದರಲ್ಲಿ ಎರಡು ಮಾತಿಲ್ಲ. ಮರದ ಜೋಡಣೆ ಅರ್ಥವಾಗಬೇಕು ಅಂದರೆ ಮೊದಲು ಸ್ಕೆಚಪ್‌ನಲ್ಲಿ ನಾಲ್ಕು ಜೋಡಣೆ ಕೈಯಾರೆ ಬಿಡಿಸು. ದುಡ್ಡಿನ ತೊಂದರೆ ಇದ್ದರೆ ಫ್ರೀಕ್ಯಾಡ್ ಇದೆ, ಬ್ಲೆಂಡರ್ ಒಳಗೆ ನಡೆಯುವ ಬೋನ್ಸಾಯ್ ಇದೆ. ಎರಡೂ ಪುಕ್ಕಟೆ. ಕ್ಯಾಡ್‌ವರ್ಕ್, ಸೇಮಾ, ಡೀಟ್ರಿಕ್ಸ್ ಎನ್ನುವ ಯುರೋಪಿನ ಸಾಫ್ಟ್‌ವೇರುಗಳು ಮರಕ್ಕೆಂದೇ ಹುಟ್ಟಿದವು. ಜೋಡಣೆ, ಕಚ್ಚು, ತೂತು ಎಲ್ಲ ಅವುಗಳಲ್ಲಿ ಸಿದ್ಧ ಇವೆ. ಆದರೆ ನಮ್ಮ ಕಡೆ ಅವುಗಳಲ್ಲಿ ಕೆಲಸ ಕೊಡುವವರು ಕಡಿಮೆ. ವಿದೇಶದ ಮರದ ಮನೆಗಳ ಕೆಲಸ ಹಿಡಿಯುವ ಆಸೆ ಇದ್ದರೆ ಮಾತ್ರ ಆಮೇಲೆ ಅತ್ತ ಹೋಗಬಹುದು.

ಸ್ಟೀಲ್ ಬೀಮು ಎರಡು ಕ್ಲಿಕ್‌ಗೆ ಕೂರುತ್ತೆ. ಮರದ್ದು ಯಾಕೆ ಇಷ್ಟು ಕಾಡುತ್ತೆ?

ಸ್ಟೀಲಿಗೆ ಪಟ್ಟಿ ಇದೆ. ಐಎಸ್‌ಎಂಬಿ 200 ಎಂಬ ಸ್ಟೀಲ್ ತೊಲೆ ಅಂದರೆ ದಾವಣಗೆರೆಯಲ್ಲೂ ಅದೇ, ದಿಲ್ಲಿಯಲ್ಲೂ ಅದೇ. ಅದರ ಜೋಡಣೆಗೂ ಪಟ್ಟಿ ಇದೆ: ಪ್ಲೇಟು, ಬೋಲ್ಟು, ವೆಲ್ಡು. ರೆವಿಟ್‌ನಲ್ಲಿ ಸ್ಟೀಲ್ ಜೋಡಣೆಗಳ ಸಿದ್ಧ ಸಂಗ್ರಹವೇ ಇದೆ. ಮರಕ್ಕೆ ಅಂಥದ್ದು ಇಲ್ಲ.

ಮರದಲ್ಲಿ ಎರಡು ತುಂಡು ಸೇರುವ ಕಡೆ ಹೊರಗಿನಿಂದ ಏನೋ ತಂದು ಕೂಡಿಸುವುದಕ್ಕಿಂತ ಮರವನ್ನೇ ಕೊರೆಯುವುದು ಹೆಚ್ಚು. ಒಂದರಲ್ಲಿ ನಾಲಿಗೆ, ಇನ್ನೊಂದರಲ್ಲಿ ತೂತು, ಮೇಲೆ ಒಂದು ಬೆಣೆ. ಅಂದರೆ ಪ್ರತಿ ಜೋಡಣೆಯೂ ಎರಡೂ ತುಂಡುಗಳ ಆಕಾರವನ್ನೇ ಬದಲಾಯಿಸುತ್ತದೆ. ಸಾಫ್ಟ್‌ವೇರು ಮಾತ್ರ ತೊಲೆ ಅಂದರೆ ಈ ತುದಿಯಿಂದ ಆ ತುದಿಗೆ ಎಳೆದ ನೇರ ಕಡ್ಡಿ ಅಂದುಕೊಂಡಿದೆ. ಎಳೆ ಯಾವ ಕಡೆ ಓಡುತ್ತದೆ, ಗಂಟು ಎಲ್ಲಿದೆ, ಬುಡ ಯಾವುದು ತುದಿ ಯಾವುದು, ಅದಕ್ಕೆ ಏನೂ ತಿಳಿಯದು. ಅವನ್ನೆಲ್ಲ ನಾವೇ ಹೇಳಿಕೊಡಬೇಕು.

ಅಳತೆ ಇಂಚಲ್ಲಿ ಇಡ್ಲಾ, ಎಂಎಂನಲ್ಲಿ ಇಡ್ಲಾ?

ಮಾಡೆಲ್ ಎಂಎಂನಲ್ಲಿ, ಬಡಗಿಗೆ ಕೊಡುವ ಹಾಳೆ ಇಂಚು-ನೂಲಿನಲ್ಲಿ. ಒಂದು ನೂಲು ಅಂದರೆ ಇಂಚಿನ ಎಂಟನೇ ಒಂದು ಭಾಗ, 3 ಎಂಎಂಗಿಂತ ಚೂರು ಜಾಸ್ತಿ. ಹಾಳೆಯಲ್ಲಿ 117 ಎಂಎಂ ಅಂತ ಬರೆದರೆ ಟೇಪಿನಲ್ಲಿ ಹುಡುಕುತ್ತಾ ನಿಲ್ಲಬೇಕಾಗುತ್ತದೆ. "ನಾಲ್ಕೂವರೆ ಇಂಚು ಒಂದು ನೂಲು" ಅಂದರೆ ಕೈ ತಾನಾಗಿ ಹೋಗುತ್ತದೆ. ಆದ್ದರಿಂದ ಮೊದಲಿಂದಲೇ ನೂಲಿಗೆ ಸರಿಹೊಂದುವ ಅಳತೆಗಳನ್ನೇ ಆರಿಸಿಕೊಳ್ಳಿ.

ಇನ್ನೊಂದು ಎಚ್ಚರ. ಸಾಮಿಲ್‌ನಲ್ಲಿ 4 ಇಂಚು ಅಂತ ಕೊಯ್ದದ್ದು ಕೀಸುಳಿ ಹೊಡೆದ ಮೇಲೆ 4 ಇಂಚು ಇರುವುದಿಲ್ಲ. ಪ್ರತಿ ಮುಖಕ್ಕೆ ಒಂದು ನೂಲು ಹೋಯಿತು ಅಂದರೂ ಉಳಿಯುವುದು ಮೂರೂ ಮುಕ್ಕಾಲು ಇಂಚು. ಅಮೆರಿಕದಲ್ಲಿ ಇದು ಇನ್ನೂ ಜಾಸ್ತಿ: ಅಲ್ಲಿ ಎರಡು-ನಾಲ್ಕು ಎಂದು ಕರೆಯುವ ಮರದ ನಿಜವಾದ ಅಳತೆ 38 × 89 ಎಂಎಂ. ಮಾಡೆಲ್‌ನಲ್ಲಿ ಎರಡು ಅಳತೆ ಇಟ್ಟುಕೊಳ್ಳಿ. ಖರೀದಿಗೆ ಕೊಯ್ದ ಅಳತೆ, ಜೋಡಣೆಗೆ ಕೀಸಿದ ಅಳತೆ.

## ಕೆಲಸಕ್ಕೆ ಇಳಿದವರಿಗೆ

ಮೊಳೆ, ಸ್ಕ್ರೂ, ಬೋಲ್ಟು ಎಲ್ಲಾ ಮಾಡೆಲ್ ಮಾಡ್ಬೇಕಾ?

ಬೇಡ. ಬೋಲ್ಟು ಮಾಡಿ, ಏಕೆಂದರೆ ಅದರ ತೂತು ಮರವನ್ನು ಕೊರೆಯುತ್ತದೆ, ಎಲ್ಲಿ ಕೊರೆಯುತ್ತದೆ ಅನ್ನುವುದು ಮುಖ್ಯ. ಪಕಾಸಿ ಅಂದರೆ ಚಾವಣಿಯ ಓರೆ ಮರ, ರೀಪು ಅಂದರೆ ಅದರ ಮೇಲೆ ಹೆಂಚು ಕೂರಿಸುವ ಅಡ್ಡ ಪಟ್ಟಿ. ರೀಪಿನ ಮೊಳೆಗೆ ಒಂದು ಮಾದರಿ ಚಿತ್ರ ಮತ್ತು "ಪ್ರತಿ ಪಕಾಸಿಗೆ ಒಂದು" ಎಂಬ ಸಾಲು ಸಾಕು. ಒಬ್ಬ ಹುಡುಗ ಪ್ರಾಜೆಕ್ಟಿಗೆ ಸಾವಿರಾರು ಮೊಳೆ ಒಂದೊಂದಾಗಿ ಕೂರಿಸಿ, ಫೈಲು ತೆರೆಯದೆ ಅಳುಮುಖ ಮಾಡಿಕೊಂಡು ಬಂದಿದ್ದ. ವಿವರದ ಮಟ್ಟಕ್ಕೆ 100ರಿಂದ 500ರವರೆಗೆ ಲೆಕ್ಕ ಇದೆ. ಬೇರೆಯವರ ಕೆಲಸದ ಜೊತೆ ತಾಳೆ ನೋಡಲು 350, ಮರ ಕೊಯ್ಯಲು 400. ಎಲ್ಲ ತುಂಡಿಗೂ 400 ಬೇಕಿಲ್ಲ. ಕೆತ್ತನೆಯ ಕಂಬಕ್ಕೆ ಹೊರಗಿನ ಆಕಾರ ಸಾಕು. ಆದರೆ ಅದರ ತಲೆಯ ಮೇಲಿನ ಅಡ್ಡ ತುಂಡು, ಅಂದರೆ ಬೋದಿಗೆ, ತೊಲೆಯನ್ನು ಹಿಡಿಯುವ ಜಾಗಕ್ಕೆ ಪೂರ್ತಿ ವಿವರ ಬೇಕು.

ಎರಡು ತೊಲೆ ಸೇರುವ ಕಡೆ ಸಾಫ್ಟ್‌ವೇರು ತಾನೇ ಕತ್ತರಿಸಿಬಿಡುತ್ತೆ. ಮರದ ಲೆಕ್ಕ ತಪ್ಪಾಗಿ ಬರ್ತಿದೆ. ಏನ್ಮಾಡಲಿ?

ರೆವಿಟ್ ಚೌಕಟ್ಟಿನ ತುಂಡುಗಳನ್ನು ತಾನೇ ಜೋಡಿಸಲು ನೋಡುತ್ತದೆ. ಒಂದರ ತುದಿಯನ್ನು ಇನ್ನೊಂದರ ಮೈಯಿಂದ ಸ್ವಲ್ಪ ಹಿಂದಕ್ಕೆ ಸರಿಸುತ್ತದೆ. ಸ್ಟೀಲಿಗೆ ಅದು ಸರಿ. ಮರದಲ್ಲಿ ತುದಿ ಹಿಂದಕ್ಕಲ್ಲ, ನಾಲಿಗೆಯಾಗಿ ಒಳಕ್ಕೆ ಹೋಗಬೇಕು. ಆದ್ದರಿಂದ ಮೊದಲು ಆ ತುದಿಗಳ ತಾನಾಗಿ ಸೇರುವ ಗುಣವನ್ನು ನಿಲ್ಲಿಸಿ.

ಆಮೇಲೆ ನಾಲಿಗೆಯನ್ನು ತೊಲೆಯ ಫ್ಯಾಮಿಲಿಯೊಳಗೇ (ರೆವಿಟ್‌ನಲ್ಲಿ ಒಂದು ಜಾತಿಯ ತುಂಡಿಗೆ ಮಾಡಿಡುವ ಮಾದರಿ) ಘನವಾಗಿ ಮಾಡಿ. ಅದೇ ಆಕಾರದ, ಆದರೆ ಒಂಚೂರು ದೊಡ್ಡದಾದ ಟೊಳ್ಳನ್ನೂ ಅದೇ ಫ್ಯಾಮಿಲಿಯಲ್ಲಿ ಇಟ್ಟು, ಅದು ಎದುರಿನ ಕಂಬವನ್ನು ಕೊರೆಯುವಂತೆ ಮಾಡಿ. ಹೀಗೆ ಮಾಡಿದರೆ ತೊಲೆ ಸರಿದಂತೆ ಕಂಬದ ತೂತೂ ಸರಿಯುತ್ತದೆ. ತೂತನ್ನು ಬೇರೆ, ನಾಲಿಗೆಯನ್ನು ಬೇರೆ ಮಾಡಿದವರು ಒಂದು ತೊಲೆ ಎರಡು ಇಂಚು ಸರಿಸಿದ ದಿನ ಕಷ್ಟಕ್ಕೆ ಸಿಕ್ಕುತ್ತಾರೆ.

ಈಗ ಲೆಕ್ಕ. 4 × 6 ಇಂಚಿನ 12 ಅಡಿ ತೊಲೆ ಸರಿಯಾಗಿ 2 ಘನ ಅಡಿ. ಎರಡೂ ತುದಿಗೆ 3 ಇಂಚಿನ ನಾಲಿಗೆ ಬೇಕಾದರೆ ಕೊಯ್ಯಬೇಕಾದದ್ದು ಹನ್ನೆರಡೂವರೆ ಅಡಿ. ಅಂಥವು 40 ಇದ್ದರೆ ಮೂರು ಘನ ಅಡಿಗಿಂತ ಜಾಸ್ತಿ ಮರ ಲೆಕ್ಕದಿಂದ ಬಿಟ್ಟುಹೋಗುತ್ತದೆ. ಇದಕ್ಕಿಂತ ದೊಡ್ಡ ತೊಂದರೆ ಅಂದರೆ ಬಂದ 40 ತುಂಡೂ ಗಿಡ್ಡ. ಉದ್ದ ಮಾಡುವ ಉಳಿ ಯಾರ ಹತ್ತಿರವೂ ಇಲ್ಲ. ಆದ್ದರಿಂದ ಸಾಫ್ಟ್‌ವೇರು ತಾನೇ ತೋರಿಸುವ ಉದ್ದ ನಂಬಬೇಡಿ. "ಕೊಯ್ಯುವ ಉದ್ದ" ಅಂತ ನಿಮ್ಮದೇ ಒಂದು ಲೆಕ್ಕ ಸೇರಿಸಿ, ಪಟ್ಟಿಯಲ್ಲಿ ಅದನ್ನೇ ತೋರಿಸಿ.

ಕ್ಲ್ಯಾಶ್ ಚೆಕ್‌ನಲ್ಲಿ ಒಂದೂ ತಪ್ಪಿಲ್ಲ. ಆದ್ರೂ ಆಚಾರ್ರು "ಇದು ಕೂರಲ್ಲ" ಅಂತಾರೆ. ಯಾಕೆ?

ಈ ಪುಟದಲ್ಲಿ ಒಂದೇ ಒಂದು ಉತ್ತರ ಓದುವುದಾದರೆ ಇದನ್ನು ಓದಿ. ಕ್ಲ್ಯಾಶ್ ಚೆಕ್ ಅಂದರೆ ಒಂದು ತುಂಡು ಇನ್ನೊಂದಕ್ಕೆ ಡಿಕ್ಕಿ ಹೊಡೆಯುತ್ತದೆಯೇ ಅಂತ ಸಾಫ್ಟ್‌ವೇರು ಮಾಡುವ ಪರೀಕ್ಷೆ.

ಹೊಳಲ್ಕೆರೆ ಕಡೆಯ ಒಂದು ತೋಟದ ಮನೆ. ಮುಂದಿನ ಪಡಸಾಲೆಗೆ ನಾಲ್ಕು ಕಂಬ, ಅವುಗಳ ನಡುವೆ ಅಡ್ಡ ತೊಲೆಗಳು. ಪ್ರತಿ ತೊಲೆಗೂ ಎರಡೂ ತುದಿಯಲ್ಲಿ 3 ಇಂಚಿನ ನಾಲಿಗೆ, ಕಂಬಗಳಲ್ಲಿ ಅದಕ್ಕೆ ತಕ್ಕ ತೂತು. ಮಾಡೆಲ್ ನಾನೇ ಮಾಡಿದ್ದೆ. ಎಲ್ಲ ಸರಿಯಾಗಿ ಕೂತಿತ್ತು, ಒಂದು ಕಡೆಯೂ ಡಿಕ್ಕಿ ಇರಲಿಲ್ಲ. ಕಂಬಗಳನ್ನು ಕಲ್ಲಿನ ಪೀಠಕ್ಕೆ ನಿಲ್ಲಿಸಿ, ಬುಡ ಬಿಗಿ ಮಾಡಿ ಆಗಿತ್ತು. ಆಚಾರ್ರು ತೊಲೆಯ ಒಂದು ತುದಿ ಹೆಗಲ ಮೇಲಿಟ್ಟುಕೊಂಡು ಎರಡು ಕಂಬದ ನಡುವೆ ನಿಂತರು. ಆ ಕಂಬ ನೋಡಿದರು, ಈ ಕಂಬ ನೋಡಿದರು. "ಸರ್, ಇದನ್ನ ಎಲ್ಲಿಂದ ತೂರಿಸಲಿ?" ಅಂದರು.

ಕಂಬಗಳ ನಡುವಿನ ಜಾಗ 9 ಅಡಿ. ನಾಲಿಗೆ ಸೇರಿ ತೊಲೆ ಒಂಬತ್ತೂವರೆ ಅಡಿ. ಕಂಪ್ಯೂಟರಿನಲ್ಲಿ ತುಂಡುಗಳು ಒಮ್ಮೆಲೇ ಇದ್ದಲ್ಲೇ ಮೂಡುತ್ತವೆ. ನೆಲದ ಮೇಲೆ ಅವು ಎಲ್ಲಿಂದಲೋ ಬರಬೇಕು, ಬರಲು ದಾರಿ ಬೇಕು. ಅವತ್ತು ಒಂದು ಕಡೆಯ ಎರಡು ಕಂಬಗಳ ಬುಡ ಬಿಚ್ಚಿ, ವಾಲಿಸಿ, ತೊಲೆ ತೂರಿಸಿ, ಮತ್ತೆ ನಿಲ್ಲಿಸುವಷ್ಟರಲ್ಲಿ ಎರಡು ದಿನ ಹೋಯಿತು.

ಕ್ಲ್ಯಾಶ್ ಚೆಕ್ ನೋಡುವುದು ಕಟ್ಟಿ ಮುಗಿದ ಸ್ಥಿತಿಯನ್ನು ಮಾತ್ರ. ಕಟ್ಟುವ ದಾರಿಯನ್ನು ಅದು ನೋಡುವುದಿಲ್ಲ. ಅಂದಿನಿಂದ ನಾನು ಪ್ರತಿ ತುಂಡಿಗೂ ಎರಡು ವಿಷಯ ಬರೆದಿಡುತ್ತೇನೆ: ಕೂರುವ ಸರದಿ ಎಷ್ಟನೆಯದು, ಯಾವ ದಿಕ್ಕಿನಿಂದ ಬರುತ್ತದೆ. ಆಮೇಲೆ ಮಾಡೆಲ್‌ನಲ್ಲಿ ಕೊನೆಯ ತುಂಡಿನಿಂದ ಶುರುಮಾಡಿ ಒಂದೊಂದನ್ನೇ ಅದರ ದಿಕ್ಕಿಗೆ ಎಳೆದು ತೆಗೆಯುತ್ತಾ ಹೋಗುತ್ತೇನೆ. ಎಳೆಯುವಾಗ ಇನ್ನೊಂದಕ್ಕೆ ತಾಗಿದರೆ ಅದು ನಿಜವಾದ ಕೆಲಸದಲ್ಲಿ ಕೂರುವುದಿಲ್ಲ. ಆಗ ಜೋಡಣೆ ಬದಲಾಯಿಸಬೇಕು. ಮೇಲಿನಿಂದ ಇಳಿಯುವ ಕಚ್ಚು ಹಾಕಬಹುದು. ಇಲ್ಲ, ಕಂಬ ತೊಲೆ ಎರಡನ್ನೂ ನೆಲದ ಮೇಲೆ ಜೋಡಿಸಿ ಒಟ್ಟಿಗೆ ಎತ್ತಿ ನಿಲ್ಲಿಸಬಹುದು. ಹೀಗೆ ಎಳೆದು ನೋಡಲು ಒಂದು ಪಡಸಾಲೆಗೆ ಅರ್ಧ ಗಂಟೆ ಸಾಕು.

ಮೂಲೆಯ ಪಕಾಸಿ ಹೆಂಚಿನ ಮಟ್ಟಕ್ಕಿಂತ ಮೇಲೆ ಎದ್ದು ನಿಲ್ಲುತ್ತೆ. ಇಳಿಜಾರು ಸರಿಯಾಗೇ ಕೊಟ್ಟಿದ್ದೀನಲ್ಲ?

ಚಾವಣಿಯ ಇಳಿಜಾರು 30 ಡಿಗ್ರಿ ಅಂದರೆ ಮೂಲೆಯ ಪಕಾಸಿಯದ್ದೂ 30 ಅಂತ ಹಲವರು ಕೊಡುತ್ತಾರೆ. ಅದು ಅಷ್ಟೇ ಎತ್ತರ ಏರಲು ಹೆಚ್ಚು ದೂರ ಓಡುತ್ತದೆ. ಚೌಕ ಮೂಲೆಯಲ್ಲಿ ಅದರ ಇಳಿಜಾರು ಸುಮಾರು 22.2 ಡಿಗ್ರಿ ಆಗುತ್ತದೆ.

ಅದು ಸರಿಯಾದ ಮೇಲೂ ಪಕಾಸಿಯ ಮೇಲ್ಮುಖದ ಎರಡು ಅಂಚುಗಳು ಹೆಂಚಿನ ಮಟ್ಟಕ್ಕಿಂತ ಮೇಲೆ ಬರುತ್ತವೆ. ಎರಡು ದಾರಿ ಇವೆ. ಮೇಲ್ಮುಖವನ್ನು ಎರಡೂ ಕಡೆ ಸುಮಾರು 20.7 ಡಿಗ್ರಿ ಓರೆ ಮಾಡಿ ಕೀಸಬಹುದು. ಇಲ್ಲವಾದರೆ ಇಡೀ ಪಕಾಸಿಯನ್ನೇ ಕೆಳಗಿಳಿಸಬಹುದು. 75 ಎಂಎಂ ಅಗಲದ ಪಕಾಸಿಗೆ ಅದರ ಮೈಗೆ ನೇರವಾಗಿ ಸುಮಾರು 14 ಎಂಎಂ ಇಳಿಸಬೇಕು. ನಮ್ಮ ಕಡೆಯ ಕೆಲಸಕ್ಕೆ ಇಳಿಸುವುದೇ ಸುಲಭ. ಓರೆ ಕೀಸುವುದು ಕೈಗೆ ಜಾಸ್ತಿ ಕೆಲಸ.

ಮಾಡೆಲ್‌ನಲ್ಲಿ ಮರ ಉಬ್ಬಲ್ಲ, ಕುಗ್ಗಲ್ಲ. ನಿಜದಲ್ಲಿ ಆಗುತ್ತೆ. ಇದನ್ನ ಹೇಗೆ ತೋರಿಸೋದು?

ಮಲೆನಾಡಿನಿಂದ ಬಂದ ಮರ ಚಿತ್ರದುರ್ಗದ ಬೇಸಿಗೆಗೆ ಸಿಕ್ಕಾಗ ಏನಾಗುತ್ತದೆ ಅನ್ನುವುದನ್ನು ಬಾಗಿಲು ಮಾಡಿಸಿದ ಯಾರನ್ನು ಕೇಳಿದರೂ ಹೇಳುತ್ತಾರೆ. ಲೆಕ್ಕ ಹೀಗಿದೆ. ತೇಗ ಹಸಿ ಸ್ಥಿತಿಯಿಂದ ಪೂರ್ತಿ ಒಣಗುವಷ್ಟರಲ್ಲಿ ವರ್ಷದ ಉಂಗುರದ ಗುಂಟ ಸುಮಾರು 5.8 ಶೇಕಡ ಕುಗ್ಗುತ್ತದೆ. ಉಂಗುರಕ್ಕೆ ಅಡ್ಡಲಾಗಿ ಸುಮಾರು 2.5 ಶೇಕಡ. ಉದ್ದಕ್ಕೆ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ತೇವ 18 ಶೇಕಡದಿಂದ 10ಕ್ಕೆ ಇಳಿದರೆ 8 ಇಂಚು ಅಗಲದ ಹಲಗೆ ಸುಮಾರು ಒಂದು ನೂಲು ಕುಗ್ಗುತ್ತದೆ. ಬಿಗಿಯಾಗಿದ್ದ ಜೋಡಣೆಯಲ್ಲಿ ಒಂದು ನೂಲು ಸಂದು ಅಂದರೆ ಅಲ್ಲಾಡುತ್ತದೆ ಅಂತಲೇ ಅರ್ಥ.

ಮಾಡೆಲ್‌ನಲ್ಲಿ ಉಬ್ಬು-ಕುಗ್ಗು ತೋರಿಸಲು ಹೋಗಬೇಡಿ. ಅದಕ್ಕೆ ಜಾಗ ಬಿಡಿ. ತೂತಿನ ಆಳ ನಾಲಿಗೆಗಿಂತ ಒಂದು ನೂಲು ಜಾಸ್ತಿ ಇರಲಿ. ಅಗಲ ಹಲಗೆಯ ಒಂದು ಅಂಚು ಮಾತ್ರ ಬಿಗಿ, ಇನ್ನೊಂದು ಅಂಚು ಕಾಲುವೆಯಲ್ಲಿ ಜಾರುವಂತೆ ಇರಲಿ. ಮರದ ಉದ್ದಕ್ಕೆ ಬಿಡುವು ಬೇಡ. ಎಷ್ಟು ತೇವದಲ್ಲಿ ಮರ ಕೊಯ್ದು ಜೋಡಿಸಬೇಕು ಅನ್ನುವುದನ್ನೂ ಪ್ರತಿ ತುಂಡಿನ ಮಾಹಿತಿಯಲ್ಲಿ ಬರೆಯಿರಿ. ಚಿಕ್ಕ ತೇವದ ಮೀಟರು ಒಂದನ್ನು ಕೊಂಡು ಮರ ಇಳಿಸುವಾಗಲೇ ಚುಚ್ಚಿ ನೋಡಿ. ನಮ್ಮಲ್ಲಿ ಬಹಳ ಜನ ಇದನ್ನು ಮಾಡುವುದಿಲ್ಲ. ಮಾಡಲೇಬೇಕು.

## ಆಳಕ್ಕೆ ಹೋದವರಿಗೆ

ನಮ್ಮ ಹಳೇ ಮಾಳಿಗೆ ಮನೆಯ ಒಂದು ತೊಲೆಯೂ ನೆಟ್ಟಗಿಲ್ಲ. ಇದನ್ನ ಮಾಡೆಲ್ ಮಾಡೋಕೆ ಆಗುತ್ತಾ?

ಆಗುತ್ತದೆ. ದಯವಿಟ್ಟು ಅವನ್ನು ನೆಟ್ಟಗೆ ಮಾಡಬೇಡಿ. ಜಗಳೂರು, ಚಳ್ಳಕೆರೆ, ಮೊಳಕಾಲ್ಮೂರು ಸೀಮೆಯ ಮಾಳಿಗೆ ಮನೆಗಳಲ್ಲಿ ಸಿಕ್ಕ ಮರವನ್ನು ಸಿಕ್ಕ ಹಾಗೆ ಬಳಸಿದ್ದಾರೆ. ಬೇವು, ಜಾಲಿ, ಹುಣಸೆ, ಸ್ಥಿತಿವಂತರ ಮನೆಗಾದರೆ ತೇಗ. ಬುಡದ ಕಡೆ ದಪ್ಪ, ತುದಿಯ ಕಡೆ ಸಣ್ಣ. ಬಾಗಿದ್ದರೆ ಬೆನ್ನು ಮೇಲೆ ಬರುವ ಹಾಗೆ ಇಟ್ಟಿರುತ್ತಾರೆ. ಅದು ಅವರ ಇಂಜಿನಿಯರಿಂಗ್. ನೀವು ನೇರ ಕಡ್ಡಿ ಎಳೆದರೆ ಅದು ಅಳಿಸಿಹೋಗುತ್ತದೆ.

ನಾನು ಮಾಡುವ ಕ್ರಮ ಹೇಳುತ್ತೇನೆ. ಪ್ರತಿ ತೊಲೆಗೂ ಮೂರು ಕಡೆ ಅಳತೆ: ಬುಡ, ನಡು, ತುದಿ. ಅಗಲ, ಎತ್ತರ, ಜೊತೆಗೆ ನೇರ ದಾರ ಹಿಡಿದು ಅದರಿಂದ ಎಷ್ಟು ಬಾಗಿದೆ ಎಂಬುದು. ಈ ಅಳತೆಗಳನ್ನು ತೆಗೆದುಕೊಳ್ಳುವ ಒಂದೇ ಫ್ಯಾಮಿಲಿ ಮಾಡಿಕೊಂಡರೆ ಇಡೀ ಮನೆಗೆ ಸಾಕು. ಲೈಡಾರ್ (ಬೆಳಕಿನಿಂದ ದೂರ ಅಳೆಯುವ ಸಾಧನ) ಇರುವ ಫೋನಿನಿಂದ ಸ್ಕ್ಯಾನ್ ಮಾಡಬಹುದು. ಕೋಣೆಯ ಒಟ್ಟು ಆಕಾರಕ್ಕೆ ಅದು ಚೆನ್ನಾಗಿದೆ. ಜೋಡಣೆಯ ಅಳತೆಗೆ ಸಾಲದು, ಅಲ್ಲಿ ಟೇಪೇ ಬೇಕು. ಗೋಡೆಯೊಳಗೆ ಹೋದ ತುದಿಯನ್ನು ಸ್ಕ್ರೂಡ್ರೈವರಿನಿಂದ ಮೆಲ್ಲಗೆ ಚುಚ್ಚಿ ನೋಡಿ. ಸಲೀಸಾಗಿ ಒಳಗಿಳಿದರೆ ಅದು ಕೊಳೆತಿದೆ ಅಥವಾ ಗೆದ್ದಲು ತಿಂದಿದೆ. ಅದನ್ನು ಮಾಡೆಲ್‌ನಲ್ಲಿ ಬೇರೆ ಬಣ್ಣದಲ್ಲಿ ಗುರುತು ಮಾಡಿ.

ಮಾಳಿಗೆಯ ಮಣ್ಣನ್ನು ಬಹಳ ಜನ ಮರೆಯುತ್ತಾರೆ. ವರ್ಷಗಟ್ಟಲೆ ಮೇಲೆ ಮೇಲೆ ಮಣ್ಣು ಹಾಕಿ ದಪ್ಪ ಬೆಳೆದಿರುತ್ತದೆ. ಬೆಳಕಿಂಡಿಯೊಳಗೆ ಟೇಪು ಇಳಿಬಿಟ್ಟರೆ ದಪ್ಪ ಸಿಗುತ್ತದೆ. ಆದರೆ ಅದರ ಅಂಚು ಎತ್ತರಿಸಿರುತ್ತದೆ, ಆದ್ದರಿಂದ ಮೇಲೆ ಒಂದು ನೇರ ಪಟ್ಟಿ ಇಟ್ಟು ಆ ಎತ್ತರವನ್ನು ಕಳೆಯಿರಿ. 8 ಇಂಚು ಮಣ್ಣು ಅಂದರೆ ಒಂದು ಚದರ ಮೀಟರಿಗೆ ಸುಮಾರು 320ರಿಂದ 360 ಕೆಜಿ. ಮಳೆಯಲ್ಲಿ ಇನ್ನೂ ಜಾಸ್ತಿ. ಆ ಬಾಗಿದ ತೊಲೆಗಳು ಇಷ್ಟು ವರ್ಷ ಹೊತ್ತು ನಿಂತಿರುವುದು ಇಷ್ಟು ಭಾರವನ್ನು. ಅಳೆಯುವಾಗ ನನಗೆ ಪ್ರತಿ ಸಲವೂ ಕೈ ಮುಗಿಯಬೇಕು ಅನ್ನಿಸುತ್ತದೆ.

ಇದೇ ಮಾಡೆಲ್‌ನಿಂದ ಭಾರದ ಲೆಕ್ಕ ಹಾಕಿಸಬಹುದಾ?

ಹಾಕಿಸಬಹುದು, ಮೂರು ಕಡೆ ಕಣ್ಣಿಟ್ಟರೆ. ಒಂದು, ಕೀಲುಗಳು. ಕಾಂಕ್ರೀಟಿನ ಅಭ್ಯಾಸದಲ್ಲಿ ಎಲ್ಲ ಜೋಡಣೆಯೂ ಬಿಗಿ ಅಂತ ಬಿಟ್ಟರೆ ಲೆಕ್ಕ ಸುಳ್ಳು ಹೇಳುತ್ತದೆ. ನಾಲಿಗೆ-ತೂತಿನ ಜೋಡಣೆ ತಿರುಗುವ ಕೀಲು ಅಂತಲೇ ಹಿಡಿಯಿರಿ. ಎರಡು, ಮರದ ಗುಣ. ಮರದ ಕಟ್ಟಡಕ್ಕೆ ಇರುವ ನಮ್ಮ ಭಾರತೀಯ ಮಾನದಂಡ ಐಎಸ್ 883 ಮರಗಳನ್ನು ಎ, ಬಿ, ಸಿ ಎಂದು ಮೂರು ಗುಂಪು ಮಾಡುತ್ತದೆ. ತೇಗ ಬಿ ಗುಂಪು. ಸಾಫ್ಟ್‌ವೇರಿನ ಜೊತೆ ಬಂದ ಮರದ ಹೆಸರುಗಳು ಹೆಚ್ಚಾಗಿ ಹೊರದೇಶದ ಮರಗಳದ್ದು, ಅವನ್ನು ಹಾಗೇ ಬಿಡಬೇಡಿ. ಮೂರು, ಬಾಗುವ ಮಿತಿ. ಹೆಂಚು ಹೊರುವ ತೊಲೆಗೆ ಅದೇ ಐಎಸ್ 883 ಹೇಳುವುದು ಅಂತರದ 360ನೇ ಒಂದು ಭಾಗ. 12 ಅಡಿಗೆ ಸುಮಾರು 10 ಎಂಎಂ. ಹೆಂಚು ಇಲ್ಲದ ಕಡೆ 240ನೇ ಒಂದು ಭಾಗ. ಮರ ವರ್ಷಗಳು ಕಳೆದಂತೆ ಅದೇ ಭಾರಕ್ಕೆ ಇನ್ನಷ್ಟು ಬಾಗುತ್ತದೆ ಅನ್ನುವುದು ಲೆಕ್ಕದಲ್ಲಿ ತಾನಾಗಿ ಬರುವುದಿಲ್ಲ. ಕೊನೆಯ ಸಹಿ ಮಾತ್ರ ಇಂಜಿನಿಯರದ್ದೇ ಇರಬೇಕು.

ಐಎಫ್‌ಸಿ ಮಾಡಿ ಕಳಿಸಿದೆ. ಆ ಕಡೆಯವರು "ಕಚ್ಚುಗಳೇ ಕಾಣ್ತಿಲ್ಲ" ಅಂತಾರೆ.

ಐಎಫ್‌ಸಿ ಮಾಡೆಲನ್ನು ಒಂದು ಸಾಫ್ಟ್‌ವೇರಿನಿಂದ ಇನ್ನೊಂದಕ್ಕೆ ಒಯ್ಯುವ, ಯಾವ ಕಂಪನಿಗೂ ಸೇರದ ಫೈಲು, ಐಎಸ್‌ಒ 16739 ಎಂಬ ಮಾನದಂಡ. ಕಳಿಸುವಾಗಿನ ಆಯ್ಕೆಗಳ ಮೇಲೆ ಅದರ ಗುಣ ನಿಂತಿದೆ. ಕೆಲವು ಆಯ್ಕೆಗಳಲ್ಲಿ ಆಕಾರ ಸಣ್ಣ ಸಣ್ಣ ತ್ರಿಕೋನಗಳಾಗಿ ಹೋಗುತ್ತದೆ. ಆಗ ಕಚ್ಚು ಕಾಣುತ್ತದೆ, ಆದರೆ ತಿದ್ದಲು ಬಾರದು. ಕೆಲವರ ಸಾಫ್ಟ್‌ವೇರು ತುಂಡನ್ನು ಓದಿ ಅದರ ಕೊರೆತವನ್ನು ಬಿಟ್ಟುಬಿಡುತ್ತದೆ. ಮೊದಲು ಒಂದೇ ಒಂದು ಜೋಡಣೆಯ ಫೈಲು ಕಳಿಸಿ ಪರೀಕ್ಷೆ ಮಾಡಿ.

ಪ್ರತಿ ತುಂಡು ಯಾವ ಜಾತಿ ಅಂತಲೂ ಸರಿಯಾಗಿ ಗುರುತಿಸಿ. ಜಂತೆಗೆ (ತೊಲೆಗಳ ಮೇಲೆ ಸಾಲಾಗಿ ಕೂರುವ ಸಣ್ಣ ಮರ) ಬೀಮ್ ಒಳಗೆ ಜಾಯಿಸ್ಟ್ ಎಂಬ ವರ್ಗ ಇದೆ, ಪಕಾಸಿಗೆ ಮೆಂಬರ್ ಒಳಗೆ ರಾಫ್ಟರ್ ಎಂಬ ವರ್ಗ ಇದೆ. ಎಲ್ಲವನ್ನೂ ಬರೀ ಬೀಮ್ ಅಂತ ಕಳಿಸಿದರೆ ಆ ಕಡೆಯವರ ಪಟ್ಟಿ ಕಲಸುಮೇಲೋಗರ ಆಗುತ್ತದೆ.

ಊರಲ್ಲೇ ಸಿಎನ್‌ಸಿ ಮಷೀನ್ ಇದೆಯಲ್ಲ, ನೇರ ಅದಕ್ಕೇ ಕೊಟ್ಟು ತೊಲೆ ಕೊಯ್ಸಬಹುದಾ?

ನಮ್ಮೂರಿನಲ್ಲಿ ಕಂಪ್ಯೂಟರ್ ಹೇಳಿದಂತೆ ಕೊರೆದು ಬಾಗಿಲ ಕೆತ್ತನೆ ಮಾಡುವ ಸಿಎನ್‌ಸಿಗಳು ಸಾಮಾನ್ಯವಾಗಿ 8 × 4 ಅಡಿಯ ಹಲಗೆ ಹಾಸುವ ಮಂಚಗಳು. ಮೇಲಿನಿಂದ ಮಾತ್ರ ಕೊರೆಯುತ್ತವೆ. 12 ಅಡಿ ತೊಲೆಯ ತುದಿಯಲ್ಲಿ ನಾಲಿಗೆ ತೆಗೆಯಲು ಅವುಗಳಿಂದ ಆಗದು. ಯುರೋಪಿನ ತೊಲೆ ಕೊಯ್ಯುವ ಯಂತ್ರಗಳಿಗೆ ಬಿಟಿಎಲ್‌ಎಕ್ಸ್ ಎಂಬ ಫೈಲು ಹೋಗುತ್ತದೆ. ಅದರಲ್ಲಿ ಆಕಾರದ ಬದಲು "ಇಲ್ಲಿ ಇಷ್ಟು ಆಳದ ತೂತು" ಎಂಬಂತೆ ಕೆಲಸವನ್ನೇ ಬರೆದಿರುತ್ತದೆ. ನಮ್ಮ ಮಂಚದ ಯಂತ್ರದಿಂದ ಬೇರೆ ಒಂದು ಒಳ್ಳೆಯ ಉಪಯೋಗ ಇದೆ. ಪ್ಲೈವುಡ್‌ನಲ್ಲಿ ನಿಜ ಅಳತೆಯ ಅಚ್ಚು ಕತ್ತರಿಸಿಕೊಳ್ಳಿ. ಬೋದಿಗೆಯ ಬಳುಕು, ಪಕಾಸಿಯ ಓರೆ, ಗೋಡೆ ಮೇಲೆ ಕೂರುವ ಕಚ್ಚು, ಇವುಗಳ ಅಚ್ಚನ್ನು ಮರದ ಮೇಲಿಟ್ಟು ಗೆರೆ ಎಳೆದರೆ ಮುಗಿಯಿತು. ಅದಕ್ಕೆ ಡಿಎಕ್ಸ್‌ಎಫ್ ಎಂಬ ಗೆರೆಚಿತ್ರದ ಫೈಲು ಸಾಕು.

ಕೊನೆಗೆ ಆಚಾರ್ರ ಕೈಗೆ ಏನು ಕೊಡ್ಲಿ? ಅವರು ಲ್ಯಾಪ್‌ಟಾಪ್ ನೋಡಲ್ಲ.

ಒಂದು ತುಂಡಿಗೆ ಒಂದು ಹಾಳೆ. ರೆವಿಟ್‌ನಲ್ಲಿ ಅಸೆಂಬ್ಲಿ ಮಾಡಿದರೆ ತುಂಡಿನ ನಾಲ್ಕೂ ಮುಖಗಳ ಚಿತ್ರ ಸಿಗುತ್ತದೆ. ಒಂದೇ ತರದ ತುಂಡುಗಳನ್ನು ಅದೇ ಗುರುತಿಸಿ ಒಂದೇ ಹೆಸರಿನಡಿ ಸೇರಿಸುತ್ತದೆ. ಅಳತೆಗಳನ್ನೆಲ್ಲ ಒಂದೇ ತುದಿಯಿಂದ ಕೊಡಿ. ತುಂಡು ತುಂಡಾಗಿ ಕೂಡುತ್ತಾ ಹೋದರೆ ಪ್ರತಿ ಸಲ ಅರ್ಧ ನೂಲು ತಪ್ಪಿ ಕೊನೆಗೆ ದೊಡ್ಡ ಅಂತರ ಬರುತ್ತದೆ. ಬುಡ ಯಾವ ಕಡೆ, ಮೇಲ್ಮುಖ ಯಾವುದು, ಮೊದಲು ಕೊರೆಯುವುದು ಯಾವ ತೂತು, ಇವನ್ನು ಬಾಣದ ಗುರುತಿನಲ್ಲಿ ತೋರಿಸಿ.

ನಂಬರನ್ನು ಕನ್ನಡದಲ್ಲಿ ಹಾಕಿ. ಉತ್ತರದ ಸಾಲಿನ ಮೂರನೇ ಕಂಬಕ್ಕೆ "ಉ-3", ಅದರ ಮೇಲಿನ ಬೋದಿಗೆಗೆ "ಉ-3 ಬೋ". ಅದೇ ಗುರುತನ್ನು ಮರದ ತುದಿಯಲ್ಲಿ, ನಾಲಿಗೆಯ ಮೇಲೆ ಉಳಿಯಿಂದ ಕೆತ್ತಿಸಿ. ಬಣ್ಣ ಬಳಿದರೆ ಸೀಮೆಸುಣ್ಣದ ಗುರುತು ಹೋಗುತ್ತದೆ. ನಾಲಿಗೆಯ ಮೇಲಿನದು ಜೋಡಣೆಯೊಳಗೇ ಉಳಿದು, ಮುಂದೆ ಯಾರಾದರೂ ಬಿಚ್ಚಿದ ದಿನ ಅವರ ಕೈಗೆ ಸಿಗುತ್ತದೆ.